ಮೂರನೆಯ ಚತುರ್ಥಕದ ಬಂಡೆ

"ಕ್ಯಾಲ್ಕುಲೇಟರ್ ಕೊಡೋದು ಬರೀ ಆಧಾರ ಕೋನ ಕಣ್ರೀ! ನಾಲ್ಕು ಕಾಲುಭಾಗದಲ್ಲಿ ಯಾವ ಚತುರ್ಥಕ ಅಂತ ನೋಡೋಕೆ ದೇವ್ರು ಕಣ್ಣು ಕೊಟ್ಟಿಲ್ವಾ?"

ಹೊಸ ಭೂಮಾಪಕಿ ಶರಣ್ಯಾಳಿಗೆ ಹಿರಿಯ ಸಹೋದ್ಯೋಗಿ ಗೌರೀಶ್ ಮೊದಲ ದಿನವೇ ಎಲ್ಲರೆದುರು ಆಡಿದ ಮಾತು ಅದು. ಅಂದಿನಿಂದ ಮೂರು ತಿಂಗಳು ಅವಳು ಅವನತ್ತ ಮುಖವೆತ್ತಿರಲಿಲ್ಲ.

ಇಂದು ಮಿಡಿಗೇಶಿ ಬೆಟ್ಟದ ಮೇಲೆ, ಅವನದೇ ಸಂದೇಶ ಅವಳ ಫೋನಿಗೆ ಬಂದಿತ್ತು...

'ಬಂಡೆ ಸಂದಿಗೆ ಬಿದ್ದಿದ್ದೇನೆ. ಕಾಲು ಸಿಕ್ಕಿದೆ. ಬಾವುಟದ ಕಂಬದಿಂದ ಪೂರ್ವಕ್ಕೆ −50, ಉತ್ತರಕ್ಕೆ −87 ಮೀಟರ್. ಹತ್ತಿರ ಕರಡಿ...'

ಸಂದೇಶ ಅಲ್ಲಿಗೇ ನಿಂತಿತ್ತು. ಅವನ ಫೋನ್ ಸ್ವಿಚ್ ಆಫ್!

ಕಂಬದ ಬಳಿ ನಿಂತು −87ನ್ನು −50ರಿಂದ ಭಾಗಿಸಿ, ಕೋನಕ್ಕಾಗಿ ಟ್ಯಾನ್ ವಿಲೋಮದ ಗುಂಡಿ ಒತ್ತಿದಳು. ಕ್ಯಾಲ್ಕುಲೇಟರ್ ಅರವತ್ತು ಡಿಗ್ರಿ ತೋರಿಸಿತು. ಪೂರ್ವದಿಂದ ಎಡಕ್ಕೆ ಅರವತ್ತು ಡಿಗ್ರಿ ತಿರುಗಿ, ನೂರು ಮೀಟರ್ ಓಡಿದಳು. ಅಳತೆ ಸರಪಳಿ, ಹಾರೆಗೋಲು ಹೊತ್ತ ಮುದುಕ ಚಿಕ್ಕರಂಗಯ್ಯ ಹಿಂದೆಯೇ ಬಂದ.

ಅಲ್ಲಿ ಯಾರೂ ಇರಲಿಲ್ಲ. ಬೋಳು ಬಂಡೆ... ಅದರಾಚೆ ಪ್ರಪಾತ.

"ಬಿದ್ದೋಗ್ಬುಟ್ರೇನವ್ವಾ?" ಮುದುಕನ ದನಿ ಒಡೆಯಿತು.

"ಗೌರೀಶ್!" ಎಂದು ಕೂಗಿದಳು. ಸೂರ್ಯ ಬೆಟ್ಟದಂಚಿಗೆ ಇಳಿದಿದ್ದ. ಕರಡಿಗಳು ಹೊರಬೀಳುವ ಹೊತ್ತು!

'ಯಾವ ಚತುರ್ಥಕ ಅಂತ ನೋಡೋಕೆ...'

ಅವಳು ಸಂದೇಶವನ್ನು ಮತ್ತೆ ತೆರೆದಳು. ಪೂರ್ವವೂ ಋಣ, ಉತ್ತರವೂ ಋಣ. ಭಾಗಿಸಿದಾಗ ಎರಡೂ ಚಿಹ್ನೆ ಅಳಿಸಿಹೋಗಿದ್ದವು! ಅವನಿರುವುದು ಪಶ್ಚಿಮ-ದಕ್ಷಿಣಗಳ ನಡುವಿನ ಮೂರನೆಯ ಚತುರ್ಥಕದಲ್ಲಿ. ನೂರೆಂಬತ್ತು, ಅದಕ್ಕೆ ಅರವತ್ತು... ಇನ್ನೂರನಲವತ್ತು!

"ತಾತಾ, ಅವರಿಗೆ ಬೆನ್ನು ಹಾಕಿ ಓಡಿಬಂದಿದ್ದೀವಿ!"

ಕಂಬ ದಾಟಿ, ನೈಋತ್ಯದ ಇಳಿಜಾರಿನಲ್ಲಿ ಜಾರಿ, ಎದ್ದು, ಮತ್ತೆ ಓಡಿದಳು. ಪೊದೆಯೊಳಗೆ ಕಪ್ಪಗೆ ಏನೋ ಗುರುಗುಟ್ಟಿತು. ಚಿಕ್ಕರಂಗಯ್ಯ ಸರಪಳಿಯನ್ನು ಬಂಡೆಗೆ ಬಡಿದ. ಒಂದು ಸಲ... ಹತ್ತು ಸಲ... ಆ ಕಪ್ಪು ದೂರ ಸರಿಯಿತು.

ಬಂಡೆಯ ಸಂದಿಯಿಂದ ಕ್ಷೀಣ ದನಿ: "ಬಂದ್ರಾ...?"

ಅವಳು ಕುಸಿದು ಕುಳಿತು ಅವನ ಕೈ ಹಿಡಿದಳು. "ನನ್ನ ಕಂಡ್ರೆ ಆಗಲ್ಲ ನಿಮ್ಗೆ! ಮತ್ತೆ ನನಗೇ ಯಾಕೆ ಕಳಿಸಿದ್ರಿ?"

"ಚಾರ್ಜ್ ಒಂದೇ ಪರ್ಸೆಂಟ್ ಇತ್ತು... ಬೆರಳು ನಿಮ್ಮ ಹೆಸರಿಗೇ ಹೋಯ್ತು. ಅವತ್ತು ಹಂಗೆ ಬೈಬಾರ್ದಿತ್ತು. ಕ್ಷಮೆ ಕೇಳೋಣ ಅಂದ್ರೆ ನೀವು ತಿರುಗಿ ನೋಡಿದ್ರೆ ತಾನೆ?"

"ಮಾತು ಆಮ್ಯಾಕೆ ಆಡ್ಕಳಿ! ಮದ್ಲು ಕಾಲು ಬುಡುಸಾನ," ಎಂದು ಚಿಕ್ಕರಂಗಯ್ಯ ಹಾರೆಗೋಲು ಇಟ್ಟ.

ಕಣ್ಣೊರೆಸಿಕೊಂಡು ಶರಣ್ಯಾ ತಪ್ಪೊಪ್ಪಿಕೊಂಡಳು. "ಮೊದ್ಲು ಬೇರೆ ದಿಕ್ಕಿಗೆ ಓಡಿದ್ದೆ..."

"ಎಷ್ಟು ಡಿಗ್ರಿ ತಪ್ಪು?"

"ಸರಿಯಾಗಿ ನೂರೆಂಬತ್ತು."

ನೋವಿನಲ್ಲೂ ಅವನು ನಕ್ಕ. "ಮೂರು ತಿಂಗಳು ನೀವೂ ನನ್ನಿಂದ ಅಷ್ಟೇ ಡಿಗ್ರಿ ತಿರುಗಿ ನಿಂತಿದ್ರಿ. ಇನ್ನಾದ್ರೂ ಈ ಕಡೆ ನೋಡ್ತೀರಾ, ಶರಣ್ಯಾ?"

"ನೋಡ್ತಾನೇ ಇದ್ದೀನಲ್ಲ..."