ಬಾತಿರ್‌ಗೆ ಐದು ತಿಂಗಳು

"ಡಾಕ್ಟ್ರೇ, ಇವನ ಸೊಂಟ ಮುರಿದುಹೋಗಿದೆ," ಎನ್ನುತ್ತಲೇ ಆ ಮನುಷ್ಯ ಒಳಗೆ ಬಂದ. ಅವನ ಕೋಟಿನ ಎದೆಯಿಂದ ಕಿತ್ತಳೆ ಬಣ್ಣದ ಪುಟ್ಟ ಬೆಕ್ಕೊಂದು ತಲೆ ಹೊರಹಾಕಿ, ಇಡೀ ಕರಾಕೋಲ್ ಪೇಟೆಗೆ ಕೇಳುವಂತೆ ಅರಚಿತು.

ಬುರುಲ್ ಕೈಗೆ ಗ್ಲೌಸ್ ಹಾಕಿಕೊಳ್ಳುತ್ತ ಅವನನ್ನು ನೋಡಿದಳು. ಟೋಪಿಯ ಮೇಲೆ ಫೆಬ್ರವರಿಯ ಹಿಮ. ಹುಬ್ಬಿನಲ್ಲಿ ಮರದ ಪುಡಿ. ಕಣ್ಣಿನಲ್ಲಿ ಮಾತ್ರ, ಹೆತ್ತ ಮಗುವನ್ನೇ ಎತ್ತಿಕೊಂಡು ಓಡಿಬಂದವನ ಗಾಬರಿ.

"ಯಾವಾಗಿಂದ ಹೀಗೆ?"

"ನಿನ್ನೆ ಬೆಳಿಗ್ಗೆಯಿಂದ. ಊಟ ಇಲ್ಲ, ನಿದ್ದೆ ಇಲ್ಲ. ನೆಲದ ಮೇಲೆ ಹೊರಳಾಡ್ತಾನೆ. ಮುಂಗಾಲು ಮಡಚ್ಕೊಂಡು, ಹಿಂದುಗಡೆ ಎತ್ಕೊಂಡು ತೆವಳ್ತಾನೆ. ನಾನು ಪೇರಿಸಿಟ್ಟ ಹಲಗೆ ಬಿದ್ದಿರಬೇಕು ಇವನ ಮೇಲೆ."

ಬುರುಲ್ ಬೆಕ್ಕನ್ನು ಟೇಬಲ್ಲಿನ ಮೇಲಿಟ್ಟು ಬೆನ್ನ ಮೇಲೆ ಕೈಯಾಡಿಸಿದಳು. ಕೈ ಸೊಂಟಕ್ಕೆ ಬಂದದ್ದೇ ತಡ, ಅದು ಹಿಂಭಾಗ ಎತ್ತಿ, ಬಾಲ ಒಂದು ಪಕ್ಕಕ್ಕೆ ಸರಿಸಿ, ಹಿಂಗಾಲುಗಳಲ್ಲಿ ನಿಂತಲ್ಲೇ ತುಳಿಯತೊಡಗಿತು. ಅವಳು ನಗು ತಡೆಯಲು ತುಟಿ ಕಚ್ಚಿಕೊಂಡಳು.

"ಹೆಸರೇನು?"

"ಎರ್ಮೆಕ್."

"ಬೆಕ್ಕಿಂದು ಕೇಳಿದೆ."

ಅವನ ಕಿವಿಯವರೆಗೂ ಕೆಂಪೇರಿತು. "ಬಾತಿರ್."

"ಓಹೋ, ವೀರ. ಒಳ್ಳೇ ಹೆಸರು. ಆದ್ರೆ ನಿಮ್ಮ ವೀರ ಹೆಣ್ಣು."

"ಕಿತ್ತಳೆ ಬೆಕ್ಕು ಗಂಡೇ ಅಂತಾರಲ್ಲ?"

"ಜಾಸ್ತಿ ಗಂಡೇ. ಎಲ್ಲಾ ಅಲ್ಲ. ಸೊಂಟ ಮುರಿದಿಲ್ಲ, ಏನೂ ಆಗಿಲ್ಲ. ಬೆದೆಗೆ ಬಂದಿದ್ದಾಳೆ, ಅಷ್ಟೇ."

ಎರ್ಮೆಕ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಇದಕ್ಕಿನ್ನೂ ಐದು ತಿಂಗಳು ಅಕ್ಕಾ. ಮೊನ್ನೆ ಮೊನ್ನೆವರೆಗೂ ಪಿಪೆಟ್‌ನಲ್ಲಿ ಹಾಲು ಹಾಕಿದೀನಿ ನಾನು."

ತನಗಿಂತ ಕೆಲವು ವರ್ಷ ದೊಡ್ಡವಳಂತೆ ಕಂಡ ಹೆಂಗಸನ್ನು ಅಕ್ಕಾ ಎನ್ನುವುದು ಆ ಊರಿನ ವಾಡಿಕೆ. ಬುರುಲ್‌ಗೆ ಮೂವತ್ತೇಳು. ಅವನಿಗೆ ಆರು ವರ್ಷ ಕಡಿಮೆ.

"ಬೆಕ್ಕಿಗೆ ಐದು ತಿಂಗಳು ಸಾಕು," ಎಂದಳು. "ಕೆಲವು ನಾಲ್ಕಕ್ಕೇ ಬರ್ತವೆ. ಚಳಿಗಾಲ ಕಳೆದು ಹಗಲು ಉದ್ದ ಆಗೋಕೆ ಶುರುವಾದ್ರೆ ಅವು ಯಾರ ಮಾತೂ ಕೇಳಲ್ಲ. ಮೈ ಬೆಳೆದಿರಲ್ಲ, ಬಸಿರು ಮಾತ್ರ ನಿಲ್ಲತ್ತೆ. ಒಂದು ವಾರ ಬಾಗ್ಲು ಕಿಟಕಿ ಭದ್ರವಾಗಿಡಿ. ಅರಚೋದು ನಿಂತ ಮೇಲೆ ಕರ್ಕೊಂಡು ಬನ್ನಿ, ಆಪರೇಷನ್ ಮಾಡಿಬಿಡೋಣ."

ಅವನು ಬೆಕ್ಕನ್ನು ಮತ್ತೆ ಕೋಟಿನೊಳಗೆ ಸೇರಿಸಿಕೊಂಡ. ಬಾಗಿಲಲ್ಲಿ ನಿಂತು ತಿರುಗಿ, "ನೀವು ನಕ್ಕಿದ್ದು ಕಂಡೆ," ಎಂದ.

"ನಕ್ಕಿಲ್ಲ."

"ತುಟಿ ನಕ್ಕಿಲ್ಲ. ಕಣ್ಣು ನಕ್ತು."

ಒಂದು ವಾರ ಕಳೆಯಿತು, ಎರಡು ವಾರ ಕಳೆಯಿತು, ಅವನು ಬರಲಿಲ್ಲ. ಬಾಗಿಲ ಗಂಟೆ ಸದ್ದಾದಾಗಲೆಲ್ಲ ತನ್ನ ತಲೆ ಆ ಕಡೆ ತಿರುಗುತ್ತಿರುವುದು ಬುರುಲ್‌ಗೆ ಒಂದು ಗುರುವಾರ ತಟ್ಟನೆ ಅರಿವಾಯಿತು. ತನ್ನ ಮೇಲೆ ತನಗೇ ಸಿಟ್ಟು ಬಂತು.

ಅವಳ ಕಥೆ ಊರಿಗೆಲ್ಲ ಗೊತ್ತು. ಇಪ್ಪತ್ತೆರಡಕ್ಕೆ ಮದುವೆ. ಏಳು ವರ್ಷ ಬಸಿರಾಗಲಿಲ್ಲ. ಎಂಟನೆಯ ವಸಂತದಲ್ಲಿ ಅತ್ತೆ ಅವಳ ಹಾಸಿಗೆ ಬಟ್ಟೆಯನ್ನೆಲ್ಲ ಮಡಿಸಿ ಗಂಟು ಕಟ್ಟಿ ಅಂಗಳದಲ್ಲಿಟ್ಟಳು. ಗಂಡ ಗಂಟನ್ನು ಕಾರಿಗೆ ಹಾಕಿ, ಅವಳನ್ನು ತವರಿನ ಗೇಟಿನವರೆಗೆ ತಂದುಬಿಟ್ಟ. ದಾರಿಯುದ್ದಕ್ಕೂ ರೇಡಿಯೊ ಹಾಡುತ್ತಿತ್ತು. ಅವನು ಒಮ್ಮೆಯೂ ಅದನ್ನು ನಿಲ್ಲಿಸಲಿಲ್ಲ.

ಮಾರ್ಚ್ ನಡುವಿಗೆ ಎರ್ಮೆಕ್ ಬಂದ. ಮುಖ ಕೆಳಗೆ ಹಾಕಿದ್ದ.

"ಅಮ್ಮ ಬಿಡಲಿಲ್ಲ," ಎಂದ. "ಹೆಣ್ಣುಜೀವ ಒಂದು ಸಲನಾದ್ರೂ ಹೆರಬೇಕು, ಅದಕ್ಕೂ ಮುಂಚೆ ಕತ್ತರಿ ಹಾಕಿಸಿದ್ರೆ ಪಾಪ ಅಂತಾರೆ. ಆಮೇಲೆ ಒಂದಿನ ನಾನು ಕೆಲಸಕ್ಕೆ ಹೋಗಿದ್ದಾಗ ಅಡುಗೆಮನೆ ಕಿಟಕಿ ತೆರೆದಿತ್ತು. ಮರೆತು ತೆರೆದಿಟ್ರೋ, ನೆನಪಿಟ್ಟುಕೊಂಡು ತೆರೆದಿಟ್ರೋ, ನಾನು ಕೇಳಲಿಲ್ಲ."

ಬುರುಲ್ ಬಾತಿರ್‌ಳ ಹೊಟ್ಟೆಯನ್ನು ಬೆರಳ ತುದಿಯಿಂದ ಮುಟ್ಟಿ ನೋಡಿದಳು. ಏಪ್ರಿಕಾಟ್ ಬೀಜದಷ್ಟು ದೊಡ್ಡ ಗಂಟುಗಳು. ಒಂದು, ಎರಡು, ಮೂರು.

"ಮೂರಿದೆ. ಇವಳೇ ಇನ್ನೂ ಮರಿ. ವಾರಕ್ಕೊಂದು ಸಲ ಕರ್ಕೊಂಡು ಬನ್ನಿ, ತೂಕ ನೋಡಬೇಕು."

ವಾರಕ್ಕೊಂದು ಸಲ ಎಂದದ್ದು ಅವನ ಕಿವಿಗೆ ಎರಡು ಸಲ ಎಂದು ಕೇಳಿಸಿರಬೇಕು. ಮಂಗಳವಾರ ಬಂದ, ಶುಕ್ರವಾರ ಬಂದ. ಒಂದು ದಿನ ಬೆಕ್ಕನ್ನೇ ತರದೆ ಬಂದು, "ಅವಳು ಚೆನ್ನಾಗಿದ್ದಾಳೆ ಅಂತ ಹೇಳೋಕೆ ಬಂದೆ," ಎಂದ.

ಹಳೆಯ ಮರದ ಮನೆಗಳ ಕಿಟಕಿ, ಬಾಗಿಲು ರಿಪೇರಿ ಮಾಡುವುದು ಅವನ ಕಸುಬು. ಕೈಯಲ್ಲಿ ಯಾವಾಗಲೂ ದೇವದಾರಿನ ವಾಸನೆ. ಬುರುಲ್ ಬಟ್ಟಲಿಗೆ ಚಹಾ ಹಾಕುವಾಗ ಅವನ ಕಣ್ಣು ಅವಳ ಮಣಿಕಟ್ಟಿನ ಮೇಲಿರುತ್ತಿತ್ತು. ಬಟ್ಟಲು ಅರ್ಧಕ್ಕೆ ನಿಂತರೆ ಅವನಿಗೆ ಖುಷಿ. ಪೂರ್ತಿ ತುಂಬಿಸಿಕೊಟ್ಟರೆ ಕುಡಿದು ಹೊರಡು ಎಂದರ್ಥ.

"ಅರ್ಧಕ್ಕಿಂತ ಒಂದು ಹನಿ ಜಾಸ್ತಿ ಬಿತ್ತು," ಎಂದ ಒಮ್ಮೆ.

"ಅಂದ್ರೆ?"

"ಒಂದು ಹನಿಯಷ್ಟು ಬೇಗ ಹೋಗು ಅಂತ ಹೇಳ್ತಿದೀಯ, ಬುರುಲ್."

ಅಕ್ಕ ಎಂಬುದು ಎಲ್ಲೋ ದಾರಿಯಲ್ಲಿ ಬಿದ್ದುಹೋಗಿತ್ತು. ಅವಳು ಕೆಟಲ್ ಕೆಳಗಿಟ್ಟಳು. ತನ್ನ ಹೆಸರನ್ನು ಒಬ್ಬ ಗಂಡಸಿನ ಬಾಯಲ್ಲಿ ಕೇಳಿ ಎಂಟು ವರ್ಷವಾಗಿತ್ತು. ತಿದ್ದಬೇಕೆಂದು ಬಾಯಿ ತೆರೆದಳು. ಬಂದದ್ದು ಬೇರೆ ಮಾತು.

"ಸಕ್ಕರೆ ಹಾಕ್ಕೋ. ನೆಟ್ಟಗೆ ಕೂತ್ಕೋ. ಹೊರಗೆ ಜನ ಇದಾರೆ."

ಹೊರಗೆ ಒಬ್ಬ ಮುದುಕ ಕುರಿ ಹಿಡಿದುಕೊಂಡು ನಿಂತಿದ್ದ. ಅವನು ಒಳಗಿನದನ್ನೆಲ್ಲ ಕೇಳಿಸಿಕೊಂಡು, ಏನೂ ಕೇಳಿಸದವನಂತೆ ಕುರಿಯ ಕಿವಿ ತುರಿಸುತ್ತಿದ್ದ.

ಏಪ್ರಿಲ್ ಕೊನೆಯ ಒಂದು ಭಾನುವಾರ ಮಧ್ಯಾಹ್ನ ಎರ್ಮೆಕ್ ಬಾಗಿಲು ಬಡಿದ. ಈ ಸಲ ಹಿಂದೆ ಅವನ ತಾಯಿ ಜಿಪಾರ್ ಇದ್ದಳು. ಬಿಳಿ ತಲೆವಸ್ತ್ರ, ಅಳುತ್ತಿದ್ದ ಕಣ್ಣು. ಬುಟ್ಟಿಯಲ್ಲಿ ಬಾತಿರ್ ಈಗ ಅರಚುತ್ತಿರಲಿಲ್ಲ. ಬಾಯಿ ತೆರೆದು ಏದುಸಿರು ಬಿಡುತ್ತಿದ್ದಳು.

"ಬೆಳಿಗ್ಗೆಯಿಂದ ನೋವು ತಿಂತಿದೆ ಮಗಳೇ," ಎಂದಳು ಜಿಪಾರ್. "ಒಂದೂ ಬರ್ತಿಲ್ಲ."

ಬುರುಲ್ ನೋಡಿದಳು. ಮೊದಲ ಮರಿ ಅಡ್ಡ ಸಿಕ್ಕಿತ್ತು. ಏಳು ತಿಂಗಳಿನ ತಾಯಿಯ ಸೊಂಟದಲ್ಲಿ ಅದಕ್ಕೆ ದಾರಿಯೇ ಇರಲಿಲ್ಲ.

"ಹೊಟ್ಟೆ ಕೊಯ್ಯಬೇಕು. ಈಗಲೇ. ಎರ್ಮೆಕ್, ಕೈ ತೊಳ್ಕೊಂಡು ಬಾ. ನಾನು ತೆಗೆದುಕೊಟ್ಟಿದ್ದನ್ನ ಟವೆಲಲ್ಲಿ ಉಜ್ಜು, ಉಸಿರಾಡೋವರೆಗೂ ಬಿಡಬೇಡ. ಅಮ್ಮಾ, ಮುಚ್ಚೋದಕ್ಕೆ ಮುಂಚೆ ಇನ್ನೊಂದು ಕೆಲಸನೂ ಮುಗಿಸ್ತೀನಿ, ಇವಳು ಮತ್ತೆ ಹೆರಬಾರದು. ಬೇಡ ಅನ್ನೋದಾದ್ರೆ ಈಗ ಹೇಳಿ."

ಜಿಪಾರ್ ಬೆಕ್ಕಿನ ಮುಖ ನೋಡಿದಳು. "ಮುಗಿಸು," ಎಂದಳು.

ಮೊದಲನೆಯದು ಸತ್ತೇ ಬಂತು. ಎರಡನೆಯದನ್ನು ಎರ್ಮೆಕ್ ಉಜ್ಜಿದ, ಉಜ್ಜಿದ. ಅದು ಸೀನಿತು. ಮೂರನೆಯದು ಕೈಗೆ ಬರುವಾಗಲೇ ಕೂಗುತ್ತಿತ್ತು. ಅಂಗೈಯಷ್ಟು ದೊಡ್ಡದಾದ ಎರಡು ಒದ್ದೆ ಜೀವಗಳನ್ನು ಎದೆಗೊತ್ತಿಕೊಂಡು ಅವನು ನಿಂತಿದ್ದ. ಬುರುಲ್ ಹೊಲಿಗೆ ಹಾಕುತ್ತ ಒಮ್ಮೆ ತಲೆಯೆತ್ತಿದಳು. ಅವನೂ ಅದೇ ಗಳಿಗೆಗೆ ನೋಡಿದ. ಮಾಸ್ಕಿನ ಮೇಲೆ ಅವಳ ಕಣ್ಣು ಮಾತ್ರ ಕಾಣುತ್ತಿತ್ತು. ಅಷ್ಟೇ ಸಾಕಾಯಿತು.

ಬಾಗಿಲಲ್ಲಿ ನಿಂತಿದ್ದ ಜಿಪಾರ್‌ಗೂ ಅಷ್ಟೇ ಸಾಕಾಯಿತು.

ಮರುದಿನ ಅವಳು ಒಬ್ಬಳೇ ಬಂದಳು. ಬಟ್ಟೆಯಲ್ಲಿ ಕಟ್ಟಿದ ಬಿಸಿ ಬೋರ್ಸೋಕ್ ಟೇಬಲ್ಲಿನ ಮೇಲಿಟ್ಟಳು. ಎಣ್ಣೆಯಲ್ಲಿ ಕರಿದ ಹಿಟ್ಟಿನ ಘಮ ಔಷಧಿಯ ವಾಸನೆಯನ್ನೆಲ್ಲ ಹಿಂದಕ್ಕೆ ತಳ್ಳಿತು.

"ನಾನು ಜಗಳಕ್ಕೆ ಬಂದಿಲ್ಲ ಮಗಳೇ," ಎಂದಳು. "ನನ್ನ ಮಗ ಈಗ ಮನೇಲಿ ಸಿಳ್ಳೆ ಹಾಕ್ತಾನೆ. ಅವರಪ್ಪ ಹೋದ ಮೇಲೆ ಸಿಳ್ಳೆ ಹಾಕಿರಲಿಲ್ಲ. ಯಾರಿಂದ ಅಂತ ನನಗೆ ಗೊತ್ತಾಗಲ್ವಾ?"

ಬುರುಲ್ ಅವಳಿಗೆ ಕುರ್ಚಿ ಎಳೆದುಕೊಟ್ಟಳು.

"ನನ್ನ ದೊಡ್ಡ ಮಗ ಸರೋವರದಲ್ಲಿ ಮುಳುಗಿ ಹೋದ. ಎರಡನೆಯವನು ರಸ್ತೇಲಿ. ಇಬ್ಬರಿಗೂ ಮದುವೆ ಆಗಿರಲಿಲ್ಲ. ಅವರ ಹೆಸರಿಟ್ಟು ಕೂಗೋಕೆ ಮನೇಲಿ ಒಂದು ಮಗು ಬೇಕು. ನಾನೇನು ಜಾಸ್ತಿ ಕೇಳ್ತಿದೀನಾ? ಒಂದು. ನಿಜ ಹೇಳು, ಆಗತ್ತಾ?"

"ಆಗಲ್ಲ ಅಮ್ಮಾ. ಬಿಷ್ಕೆಕ್‌ನಲ್ಲಿ ಮೂರು ಜನ ಡಾಕ್ಟ್ರು ನೋಡಿದ್ರು. ಮೂರೂ ಜನ ಅದನ್ನೇ ಹೇಳಿದ್ರು."

ಜಿಪಾರ್ ತಲೆವಸ್ತ್ರದ ತುದಿಯನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಬುರುಲ್ ಅವಳ ಬೆನ್ನು ಸವರಿ, ನೀರು ಕೊಟ್ಟು, ಬೋರ್ಸೋಕ್ ತುಂಬಾ ಚೆನ್ನಾಗಿದೆ ಎಂದಳು. ತಾನು ಅಳಬೇಕಾದ ಜಾಗದಲ್ಲಿ ಇನ್ನೊಬ್ಬರನ್ನು ಸಮಾಧಾನ ಮಾಡುವುದು ಅವಳಿಗೆ ಹೊಸದೇನಲ್ಲ.

ಹೊಲಿಗೆ ಬಿಚ್ಚಿಸಲು ಎರ್ಮೆಕ್ ಬಾತಿರ್‌ಳನ್ನು ತಂದಾಗ ಮೇ ತಿಂಗಳು. ಅಂಗಿ ಇಸ್ತ್ರಿಯಾಗಿತ್ತು. ಕೂದಲು ಕತ್ತರಿಸಿಕೊಂಡಿದ್ದ. ಬುರುಲ್ ಕೊನೆಯ ದಾರ ಎಳೆದು ಕತ್ತರಿ ಕೆಳಗಿಡುವವರೆಗೂ ಕಾದ.

"ನನ್ನನ್ನ ಮದುವೆ ಆಗು," ಎಂದ.

ಅವಳು ಬೆಕ್ಕಿನ ಬೆನ್ನ ಮೇಲೆ ಕೈಯಿಟ್ಟುಕೊಂಡೇ ಇದ್ದಳು. "ಅಮ್ಮ ಹೇಳಿದಾರಾ ನಿಂಗೆ?"

"ಎಲ್ಲಾ ಹೇಳಿದಾರೆ. ನಂಗೆ ಮುಂಚೇನೇ ಗೊತ್ತಿತ್ತು. ಈ ಊರಲ್ಲಿ ಯಾರಿಗೆ ಗೊತ್ತಿಲ್ಲ?"

"ಒಂದು ಕೇಳ್ತೀನಿ. ಸುಳ್ಳು ಹೇಳಬೇಡ. ನಿಂಗೆ ಮಕ್ಕಳು ಬೇಕಾ?"

ಬೇಡ ಎಂದು ಅವನು ಒಡನೆ ಅಂದಿದ್ದರೆ ಅವಳು ನಂಬುತ್ತಿರಲಿಲ್ಲ. ಅವನಿಗೂ ಅದು ಗೊತ್ತಿತ್ತು. ಕಿಟಕಿಯಾಚೆ ಪೇಟೆಯ ಗದ್ದಲ ಕೇಳಿಸುತ್ತಿತ್ತು. ಯಾರೋ ಟೊಮೆಟೊ ಸಸಿ ಮಾರುತ್ತಿದ್ದರು.

"ಬೇಕು," ಎಂದ. "ಆದ್ರೆ ಅದಕ್ಕಿಂತ ಜಾಸ್ತಿ ನೀನು ಬೇಕು."

"ಇವತ್ತು."

"ಯಾವತ್ತೂ."

"ಎರ್ಮೆಕ್, ಆ ಎರಡು ಮರೀನ ಎದೆಗೊತ್ಕೊಂಡು ನಿಂತಿದ್ದಾಗ ನಿನ್ನ ಮುಖ ಹೇಗಿತ್ತು ಅಂತ ನೀನು ನೋಡಿಲ್ಲ. ನಾನು ನೋಡಿದೀನಿ." ಅವಳ ದನಿ ಒಂದಿಷ್ಟೂ ಏರಲಿಲ್ಲ. "ಹತ್ತು ವರ್ಷ ಆದ ಮೇಲೆ ಒಂದಿನ ನೀನು ಅಳೆದು ನೋಡ್ತೀಯ. ಬಾಯಿಬಿಟ್ಟು ಏನೂ ಅನ್ನಲ್ಲ, ನೀನು ಒಳ್ಳೆಯವನು. ಒಳಗೊಳಗೇ ತೂಗ್ತೀಯ. ನನ್ನನ್ನ ಒಂದು ಸಲ ತಕ್ಕಡಿಗೆ ಹಾಕಿ ತೂಗಿದಾರೆ. ಇನ್ನೊಂದು ಸಲ ನಾನು ಹತ್ತಲ್ಲ."

"ನಿಂಗೆ ನಾನು ಬೇಡ್ವಾ?"

ಅವಳು ಅವನ ಹುಬ್ಬಿನ ಮೇಲಿದ್ದ ಮರದ ಪುಡಿಯನ್ನು ಹೆಬ್ಬೆರಳಿನಿಂದ ಒರೆಸಿದಳು. ಮೂರು ತಿಂಗಳಲ್ಲಿ ಅವನನ್ನು ಮುಟ್ಟಿದ್ದು ಅದೇ ಮೊದಲು.

"ಬೇಕು," ಎಂದಳು. "ಬೇಕು ಅಂತಾನೇ ಈ ಮಾತು. ಈಗ ಹೋಗು. ಮೂವತ್ತೊಂದು ವಯಸ್ಸು ನಿಂಗೆ. ಕಾಯ್ತಾ ಕೂರಬೇಡ."

ಅವನು ಬಾತಿರ್‌ಳನ್ನು ಬುಟ್ಟಿಯೊಳಗೆ ಮಲಗಿಸಿದ. ಆಮೇಲೆ ಬುಟ್ಟಿ ಎತ್ತಿಕೊಂಡು ಹೊರಟ. ಹೋಗುವಾಗ ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡ.

ಜುಲೈಯಲ್ಲಿ ಅವನ ಮದುವೆಯಾಯಿತೆಂದು ಕುರಿ ತಂದ ಮುದುಕನೇ ಹೇಳಿದ. ಹುಡುಗಿ ಸರೋವರದ ಆಚೆ ದಡದವಳು, ಇಪ್ಪತ್ತಮೂರು ವರ್ಷದವಳು. ಹೋಗು ಎಂದಿದ್ದವಳು ಬುರುಲ್‌ಳೇ. ಇಷ್ಟು ಬೇಗ ಹೋಗುತ್ತಾನೆ ಎಂದು ಮಾತ್ರ ಅಂದುಕೊಂಡಿರಲಿಲ್ಲ. ಆ ದಿನ ಅವಳು ಕುರಿಗೆ ಚುಚ್ಚುಮದ್ದು ಹಾಕಿ, ಕೈ ತೊಳೆದು, ಮತ್ತೆ ತೊಳೆದು, ನಲ್ಲಿ ನಿಲ್ಲಿಸುವುದನ್ನು ಮರೆತಳು.

ಅಕ್ಟೋಬರ್‌ನಲ್ಲಿ ಒಬ್ಬ ಹುಡುಗಿ ಬುಟ್ಟಿ ಹಿಡಿದು ಬಂದಳು. ದುಂಡು ಮುಖ, ಗಾಳಿಗೆ ಒಡೆದ ಕೆನ್ನೆ, ಹೊಸ ಸೊಸೆಯ ತಲೆವಸ್ತ್ರ. ಬುಟ್ಟಿಯಲ್ಲಿ ಕಿತ್ತಳೆ ಬಣ್ಣದ ಎರಡು ಬೆಕ್ಕುಗಳು ಒಂದನ್ನೊಂದು ತಳ್ಳಾಡುತ್ತಿದ್ದವು.

"ನನ್ನ ಹೆಸರು ಅನಾರಾ," ಎಂದಳು. "ನಮ್ಮ ಯಜಮಾನ್ರು ಕಳಿಸಿದ್ರು. ಇವಕ್ಕೆ ಈ ವಾರಕ್ಕೆ ಆರು ತಿಂಗಳು. ಒಂದು ದಿನನೂ ತಡ ಮಾಡಬಾರದು, ನಿಮ್ಮ ಹತ್ರಾನೇ ಮಾಡಿಸಬೇಕು ಅಂದ್ರು."

"ಅವರು ಬರಲಿಲ್ವಾ?"

"ಕಾರಲ್ಲಿ ಕೂತಿದಾರೆ. ಒಳಗೆ ಬನ್ನಿ ಅಂದ್ರೆ, ಆಪರೇಷನ್ ನೋಡೋಕೆ ಆಗಲ್ಲ ಅಂದ್ರು."

ಬುರುಲ್ ಹೊರಗೆ ನೋಡಲಿಲ್ಲ. ಹೆಣ್ಣುಮರಿಯನ್ನು ಎತ್ತಿ, ಹೊಟ್ಟೆ ಮುಟ್ಟಿ ನೋಡಿ, ಸರಿಯಾದ ಹೊತ್ತಿಗೆ ತಂದಿದ್ದೀರಿ ಎಂದಳು.

"ಗಂಡಿಗೂ ಇಷ್ಟು ಬೇಗಾನಾ?"

"ಗಂಡು ಹೆಣ್ಣಿಗಿಂತ ಒಂದೆರಡು ತಿಂಗಳು ಹಿಂದೆ ಇರ್ತಾನೆ. ಆದ್ರೂ ಕಾಯೋದು ಬೇಡ. ಇವಳು ತಂಗಿ ಅಂತ ಅವನಿಗೆ ಗೊತ್ತಾಗಲ್ಲ."

ಅನಾರಾ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕಳು. ಆಮೇಲೆ ಹತ್ತಿರ ಬಂದು, ದನಿ ತಗ್ಗಿಸಿ ಕೇಳಿದಳು. "ಡಾಕ್ಟ್ರೇ, ಒಂದು ಮಾತು. ನಂಗೆ ಎರಡು ತಿಂಗಳು. ಬಸಿರಿ ಹೆಂಗಸು ಬೆಕ್ಕು ಮುಟ್ಟಬಾರದು ಅಂತ ಪಕ್ಕದ ಮನೆಯವರು ಹೆದರಿಸ್ತಾರೆ. ನಿಜಾನಾ? ಇವನ್ನ ಯಾರಿಗಾದ್ರೂ ಕೊಟ್ಬಿಡು ಅಂತಾರೆ. ನಮ್ಮವರು ಒಪ್ಪಲ್ಲ. ಇವು ಅಂದ್ರೆ ಅವರಿಗೆ ಪ್ರಾಣ."

ಬುರುಲ್‌ಳ ಕೈ ಬೆಕ್ಕಿನ ಬೆನ್ನ ಮೇಲೆ ನಿಂತಿತು. ಮತ್ತೆ ಚಲಿಸಿತು.

"ಕೊಡಬೇಡ," ಎಂದಳು. "ಮುಟ್ಟಿದ್ರೆ ಏನೂ ಆಗಲ್ಲ, ಕೈ ತೊಳ್ಕೋ. ಅವು ಗಲೀಜು ಮಾಡೋ ಮಣ್ಣಿನ ಡಬ್ಬಿ ಮಾತ್ರ ನೀನು ಎತ್ತಬೇಡ. ದಿನಾ ಅವನೇ ಚೆಲ್ಲಲಿ. ಹಸಿ ಮಾಂಸ ಹಾಕಬೇಡಿ. ಭಾರ ಎತ್ತಬೇಡ. ಚಳಿ ಬರ್ತಿದೆ, ಕಾಲು ಬೆಚ್ಚಗಿಟ್ಕೋ."

"ಸದ್ಯ," ಎಂದು ಅನಾರಾ ಉಸಿರುಬಿಟ್ಟಳು. "ಅವರಿಗೆ ಹೇಳ್ತೀನಿ, ಬುರುಲ್ ಅವರೇ ಹೇಳಿದ್ರು ಅಂತ."

"ನನ್ನ ಹೆಸರು ಬೇಡ," ಎಂದಳು ಬುರುಲ್. "ಡಾಕ್ಟ್ರು ಹೇಳಿದ್ರು ಅನ್ನು, ಸಾಕು."