ಓಡದ ಮಹಾರಾಣಿ

"ಹೋಗೇ ಮಹಾರಾಣಿ, ಸ್ವಲ್ಪ ಮುಂದೆ ಹೋಗೇ!"

ಅಮ್ಮನ ಆಫೀಸಿನ ಕಂಪ್ಯೂಟರ್ ಮುಂದೆ ಕೂತು ಚೂಟಿ ಗೋಗರೆಯುತ್ತಿದ್ದಳು.

ಸ್ಕ್ರೀನಿನ ತುಂಬ ನೀಲಿ ಕಡಲು. ಅದರಲ್ಲೊಂದು ಕೆಂಪು ಚುಕ್ಕೆ. ಅದೇ ಮಹಾರಾಣಿ, ಅವಳ ಕ್ಲಾಸಿನ ಕಡಲಾಮೆ. ಕಡಲಾಮೆಗಳ ಅಧ್ಯಯನ ಮಾಡುವ ಅಮ್ಮ ಅದರ ಬೆನ್ನಿಗೆ ಗಟ್ಟಿ ಅಂಟು ಹಚ್ಚಿ ಪುಟ್ಟ ಟ್ಯಾಗ್ ಕೂರಿಸಿದ್ದಳು. ಆಮೆ ಉಸಿರಿಗೆಂದು ಮೇಲೆ ಬಂದಾಗಲೆಲ್ಲ ಟ್ಯಾಗ್ ಸ್ಯಾಟಲೈಟಿಗೆ ಸುದ್ದಿ ಕಳಿಸುತ್ತಿತ್ತು.

ಅಮ್ಮ ಟ್ಯಾಗ್ ಹಾಕಿ ಕಡಲಿಗೆ ಬಿಟ್ಟ ಆಮೆಗಳಲ್ಲಿ ಶಾಲೆಯ ಕ್ಲಾಸಿಗೊಂದು ಆಮೆ. ಯಾರ ಆಮೆ ಹೆಚ್ಚು ದೂರ ಹೋಗುತ್ತೋ ಅವರು ಗೆದ್ದಂತೆ ಎಂದು ಮಕ್ಕಳೇ ರೇಸ್ ಇಟ್ಟುಕೊಂಡಿದ್ದರು. ನಾಳೆ ಕೊನೇ ದಿನ. ಆರನೇ ಕ್ಲಾಸಿನವರ ಆಮೆ ಆಗಲೇ ಮ್ಯಾಪಿನ ಆಚೆ ತುದಿ ಮುಟ್ಟಿತ್ತು. ಮಹಾರಾಣಿ ಮಾತ್ರ ಬಂದರಿನ ಹತ್ತಿರವೇ ಠಿಕಾಣಿ ಹೂಡಿದ್ದಳು.

"ಇವಳಿಗೇನಮ್ಮಾ ಧಾಡಿ? ಎಲ್ಲರೂ ನನ್ನ ನೋಡಿ ನಗ್ತಾರೆ!"

ಅಮ್ಮ ಚುಕ್ಕೆಯನ್ನು ದೊಡ್ಡದು ಮಾಡಿ ತೋರಿಸಿದಳು. ಅಬ್ಬಾ! ಅದು ಒಂದಲ್ಲ, ಒತ್ತೊತ್ತಾಗಿ ಬಿದ್ದ ಚುಕ್ಕೆಗಳ ರಾಶಿ.

"ಸುಮ್ಮನೆ ಕೂತಿಲ್ಲ ಕಣೇ. ಅಲ್ಲೇ ಸುತ್ತಾಡ್ತಿದ್ದಾಳೆ. ಕೆಳಗೆ ಕಡಲಹುಲ್ಲಿರಬೇಕು, ಹೊಟ್ಟೆ ತುಂಬಾ ಮೇಯ್ತಿದ್ದಾಳೆ."

ಅಷ್ಟರಲ್ಲಿ ಬೋಟ್ ಓಡಿಸುವ ಮಾವ ಚೂಟಿಯನ್ನು ಮನೆಗೆ ಕರೆದೊಯ್ಯಲು ಬಂದ. ಸ್ಕ್ರೀನಿಗೆ ಇಣುಕಿದವನೇ, "ಅಯ್ಯೋ ಅಕ್ಕಾ, ಇದು ನಾವು ಹೋಗೋ ದಾರಿ! ಅಲ್ಲಿ ಫುಲ್ ಸ್ಪೀಡ್" ಎಂದ.

ಚೂಟಿ ಗಕ್ಕನೆ ಮಾವನತ್ತ ತಿರುಗಿದಳು. ಮಹಾರಾಣಿ ಉಸಿರಿಗೆ ತಲೆ ಎತ್ತುವ ಜಾಗದಲ್ಲೇ ಬೋಟ್ ಬಂದರೆ?

"ಮಾವಾ, ಸುತ್ತಿಕೊಂಡು ಹೋಗು!"

"ಡೀಸೆಲ್ ನಿಮ್ಮಪ್ಪ ಹಾಕಿಸ್ತಾರಾ?" ಮಾವ ನಕ್ಕ. ಚೂಟಿ ನಗಲಿಲ್ಲ. ಅವಳ ಕಣ್ಣು ತುಂಬಿದ್ದು ಕಂಡು ಮಾವ ಕುರ್ಚಿ ಎಳೆದುಕೊಂಡು ಕೂತ. "ಆಯ್ತು, ಅಳಬೇಡ. ಎಲ್ಲಿಂದ ಎಲ್ಲಿವರೆಗೆ ಮೇಯ್ತಾಳೆ, ಸರಿಯಾಗಿ ತೋರಿಸು."

ಚೂಟಿ ಚುಕ್ಕೆಗಳ ಸುತ್ತ ಬೆರಳಾಡಿಸಿದಳು. ಅಮ್ಮ ಅಲ್ಲಿಗೇ ಗೆರೆ ಹಾಕಿ ಪ್ರಿಂಟ್ ತೆಗೆದಳು.

"ಬೇರೆ ಬೋಟಿನವರಿಗೂ ಹೇಳು. ಟ್ಯಾಗ್ ಇಲ್ಲದ ಆಮೆಗಳು ಅಲ್ಲಿ ಇನ್ನೆಷ್ಟಿವೆಯೋ" ಎಂದಳು.

"ಹೇಳ್ತೀನಿ. ಕೇಳದಿದ್ರೆ ಈ ಅಳುಮುಂಜಿನೇ ಕರ್ಕೊಂಡು ಹೋಗ್ತೀನಿ" ಎಂದು ಮಾವ ಮ್ಯಾಪನ್ನು ಜೇಬಿಗೆ ಸೇರಿಸಿದ.

ಮರುದಿನ ಶಾಲೆಯ ಜಗಲಿಯಲ್ಲಿ ಆರನೇ ಕ್ಲಾಸಿನ ಹುಡುಗನೊಬ್ಬ ಅಡ್ಡ ಬಂದ. "ನಾವೇ ವಿನ್ನರ್! ನಿಮ್ಮ ಮಹಾರಾಣಿ ಇನ್ನೂ ಎದ್ದಿಲ್ವಾ?"

ಚೂಟಿ ಕಡಲಿನ ಕಡೆ ನೋಡಿದಳು. ಬಂದರಿನಿಂದ ಹೊರಟ ಮಾವನ ಬೋಟ್ ನೇರ ಹೋಗದೆ ದೊಡ್ಡ ಸುತ್ತು ಹಾಕುತ್ತಿತ್ತು. ಅದರ ಹಿಂದೆಯೇ ಇನ್ನೂ ಎರಡು ಬೋಟು.

"ಮೆಲ್ಲಗೆ ಮಾತಾಡು," ಎಂದಳು ಚೂಟಿ, "ಅವಳು ಊಟ ಮಾಡ್ತಿದ್ದಾಳೆ."