ಏಳನೆಯ ಎಳೆ

ಬ್ಯಾಂಡಿನ ಅತಿ ಗದ್ದಲದ ಹಾಡು ನಡೆಯುತ್ತಿದ್ದಾಗಲೇ ವಾಣಿ ಟೀಚರ್ ಗೋಡೆಗೊರಗಿ ನಿದ್ದೆ ಹೋದಳು.

ಡ್ರಮ್ಸ್ ಹಿಂದೆ ಕೂತಿದ್ದ ಚಿನ್ನರಾಜ ಅದನ್ನು ಕಂಡು ಬಾರಿಸುವುದನ್ನು ನಿಲ್ಲಿಸಿದ. ಅದು ತೊಂಬತ್ತೇಳನೇ ಇಸವಿ. ಸೇಲಂನ ನೇಕಾರರ ಬೀದಿಯ ಹಳೇ ನೂಲಿನ ಗೋದಾಮಿನಲ್ಲಿ, ಸೂರ್ಯನ ಹೊಟ್ಟೆಯೊಳಗೆ ದಾರಿ ಸಿಗದೆ ಅಲೆಯುವ ಬೆಳಕಿನ ಕುರಿತು ಪ್ರೋಗ್ರೆಸಿವ್ ಮೆಟಲ್ ಎಂಬ ಅಬ್ಬರದ ರಾಕ್ ಹಾಡು ಕಟ್ಟುವ ಹುಚ್ಚು ನಾಲ್ಕೇ ಜನರಿಗಿತ್ತು. ಹಾಡಿನ ವಿಜ್ಞಾನ ತಿದ್ದಲೆಂದು ಗಿಟಾರಿನ ಮೋಹನ್‌ರಾಜ್ ತನ್ನ ಅಕ್ಕ ವಾಣಿಯನ್ನು ಕರೆತರುತ್ತಿದ್ದ. ಅಕ್ಕ ದಿನವೂ ತೊಪ್ಪೂರು ಘಾಟಿ ಹತ್ತಿಳಿದು ಧರ್ಮಪುರಿಯಲ್ಲಿ ಫಿಸಿಕ್ಸ್ ಪಾಠ ಮಾಡಿ ಬರುವವಳು. ಅಪ್ಪ ಅಮ್ಮ ಹೋದಮೇಲೆ ತಮ್ಮನನ್ನು ಸಾಕಿದವಳೂ ಅವಳೇ.

ಸದ್ದು ನಿಂತದ್ದಕ್ಕೆ ಅವಳಿಗೆ ಎಚ್ಚರವಾಯಿತು.

“ಅಷ್ಟು ಬೇಜಾರಾ ಟೀಚರ್, ನಮ್ ಮ್ಯೂಸಿಕ್?” ಚಿನ್ನರಾಜ ಕೇಳಿದ.

“ಇಲ್ಲಪ್ಪ. ಬಸ್ಸಲ್ಲೂ ನಿದ್ದೆ ಬರಲ್ಲ, ಮನೇಲೂ ಬರಲ್ಲ. ನೀವು ಬಾರಿಸ್ತಾ ಇದ್ರೆ ಬರ್ತೈತೆ.”

“ಇದು ಹೊಗಳಿಕೆನಾ, ಬೈಗುಳಾನಾ?”

“ಏನ್ ಬೇಕೋ ಅದು ತಗೊಳ್ಳಿ.” ನಕ್ಕಾಗ ಅವಳ ಕಣ್ಣ ಕೆಳಗಿನ ಕಪ್ಪು ಒಂದು ಗಳಿಗೆ ಮಾಯವಾಯಿತು. ಆಮೇಲೆ ಕನ್ನಡಕ ಒರೆಸುತ್ತ ಹೇಳಿದಳು, “ತಿರುಗಾಟ ಸಾಕಾಗೈತೆ. ಮುಂದಿನ ತಿಂಗಳಿಂದ ಧರ್ಮಪುರೀಲೇ ರೂಮ್ ಮಾಡ್ತೀನಿ.”

ಚಿನ್ನರಾಜ ಡ್ರಮ್ಸಿನ ಸ್ಟಿಕ್ಕುಗಳನ್ನು ಚೀಲಕ್ಕೆ ತುರುಕಿದ.

ಹೊಟ್ಟೆಪಾಡಿಗೆ ಅವನು ನೇಕಾರ. ಆ ವಾರವೆಲ್ಲ, ಕಾಲು ಇಳಿಬಿಡುವ ಮಗ್ಗದ ಗುಂಡಿಯಲ್ಲಿ ಕೂತು ಅದನ್ನೇ ನೆನೆದ. ಮಗ್ಗದ ತುಳಿಹಲಗೆ ಒತ್ತಲು ಬೇಕಾದದ್ದು ಸರದಿಯಂತೆ ಎಡಗಾಲು, ಬಲಗಾಲು, ಅಷ್ಟೇ. ಆದರೆ ಆ ಹಾಡಿನ ಏಳು ಪೆಟ್ಟಿನ ತಾಳ ಪಾದಕ್ಕೆ ಹತ್ತಿಬಿಟ್ಟಿತ್ತು. ಆರರವರೆಗೆ ಕಾಲು ಬದಲಿಸಿ, ಏಳಕ್ಕೆ ಅದೇ ಕಾಲನ್ನು ಮತ್ತೆ ಒತ್ತುತ್ತಿದ್ದ. ಏಳನೆಯ ಎಳೆ ಹಿಂದಿನದರ ಜೊತೆ ಜೋಡಿಯಾಗಿ ಕೂತು, ನೀಲಿ ಸೀರೆಯ ಮೈತುಂಬ ದಪ್ಪ ಗೀರುಗಳು ಬಿದ್ದವು.

ನೂಲು ಕೊಟ್ಟು ನೇಯಿಸುವ ಅರುಣಾಚಲಂ ಸೀರೆಯನ್ನು ಬೆಳಕಿಗೆ ಹಿಡಿದು ನೋಡಿ ಅವನ ಮಡಿಲಿಗೇ ಎಸೆದ. “ಏನ್ಲಾ ಇದು? ನೇಯ್ದ್ಯೋ, ಕುಣಿದ್ಯೋ? ನಿನ್ ಮನೇಲೇ ಮಡಿಕ್ಕೊ, ಪೋ.”

ತಪ್ಪು ಬಿದ್ದ ಸೀರೆಯನ್ನು ಆ ಬೀದಿಯವರು ಮಾರುವುದಿಲ್ಲ. ನೇಯ್ದವನ ಮನೆಯ ಹೆಂಗಸರೇ ಉಟ್ಟು ಸವೆಸುತ್ತಾರೆ. ಚಿನ್ನರಾಜನ ಮನೆಯಲ್ಲಿ ಅವನೊಬ್ಬನೇ.

ಧೂಳು ಕೂರದಿರಲೆಂದು ಅದನ್ನು ಡ್ರಮ್ಸಿಗೆ ಹೊದಿಸಿದ್ದ. ಭಾನುವಾರ ಚಿನ್ನರಾಜನೊಬ್ಬನೇ ಇದ್ದಾಗ ಗೋದಾಮಿಗೆ ಬಂದ ವಾಣಿ ಗೀರುಗಳ ಮೇಲೆ ಬೆರಳಾಡಿಸಿದಳು. ಅವಳೂ ಅದೇ ಬೀದಿಯ ಮಗ್ಗದ ಮನೆಯ ಮಗಳೇ.

“ಆರು ಸರಿ, ಏಳಕ್ಕೆ ತಪ್ಪು. ಸೂರ್ಯನ್ ಹಾಡಲ್ವಾ ಇದು?”

“ಬೇಕಂತ ಮಾಡ್ಲಿಲ್ಲ ಟೀಚರ್. ನೀವು ಓಗ್ತೀನಿ ಅಂದ್ಮೇಲೆ ಕಾಲು ನನ್ ಮಾತು ಕೇಳ್ಲಿಲ್ಲ.”

“ಕಾಲಿಗಿರೋ ಧೈರ್ಯ ಬಾಯಿಗಿಲ್ವಲ್ಲ ನಿಮಗೆ.”

ಅವನು ನೆಲ ನೋಡುತ್ತ ಹೇಳಿದ, “ಓಗ್ಬೇಡಿ. ನೀವು ಬೇಕು ನಂಗೆ.”

ವಾಣಿ ಸೀರೆಯನ್ನು ಡ್ರಮ್ಸಿನ ಮೇಲಿಂದ ಎಳೆದುಕೊಂಡಳು. “ನಂಗೆ ದಣಿವಾಗೈತೆ ಚಿನ್ನರಾಜ್. ಚಿಕ್ಕುಡ್ಗೀರ ಥರ ಪ್ರೀತಿ ಮಾಡೋ ತ್ರಾಣ ಇಲ್ಲ.”

“ನಂಗೂ ಇಲ್ಲ. ಇಬ್ರೂ ಒಂದೇ ಕಡೆ ಸುಧಾರಿಸ್ಕೊಳ್ಳೋಣ.”

ಅವಳು ಸೀರೆಯನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡು ಹೋದಳು.

ಸೋಮವಾರ ಬೆಳಿಗ್ಗೆ ಬೀದಿಯ ಮಗ್ಗಗಳು ಒಂದೊಂದಾಗಿ ಸದ್ದು ನಿಲ್ಲಿಸಿದವು. ಚಿನ್ನರಾಜ ಗುಂಡಿಯಿಂದ ಎದ್ದು ಕಿಟಕಿಗೆ ಬಂದ. ನೀಲಿ ಸೀರೆ ಉಟ್ಟು ವಾಣಿ ಬಸ್‌ಸ್ಟಾಪಿನ ಕಡೆ ಹೊರಟಿದ್ದಳು. ಆ ಗೀರು ಯಾರ ಮಗ್ಗದ್ದೆಂದು ಆ ಹೊತ್ತಿಗೆ ಇಡೀ ಬೀದಿಗೆ ಗೊತ್ತಿತ್ತು.

ಜಗಲಿಯಲ್ಲಿ ನೂಲು ಸುತ್ತುತ್ತಿದ್ದ ಚಿನ್ನತಾಯಿ ಅಜ್ಜಿ ಗೊತ್ತಿದ್ದೂ ಕೇಳಿದಳು, “ಯಾರ ಮನೆ ಸೀರೆನೇ ಅದು, ವಾಣಿ?”

“ನಮ್ಮನೇದೇ ಅಜ್ಜಿ,” ಎಂದಳು ವಾಣಿ. ಬಸ್ಸಿಗೆ ಹೊತ್ತಾಗಿತ್ತು, ನೆರಿಗೆ ಎತ್ತಿ ಹಿಡಿದು ಬಿರಬಿರನೆ ನಡೆದಳು.